ಟಿ. ಪಿ. ಕೈಲಾಸಂ

ತ್ಯಾಗರಾಜ ಪರಮಶಿವ ಕೈಲಾಸಂ (ಜುಲೈ ೨೯, ೧೮೮೪ – ನವೆಂಬರ್ ೨೩, ೧೯೪೬) ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಕನ್ನಡ ನಾಟಕಕಾರರು, ನಟರು ಮತ್ತು ಹವ್ಯಾಸಿ ರಂಗಭೂಮಿಯ ಪ್ರವರ್ತಕರಲ್ಲಿ ಪ್ರಮುಖರು. ಪುರಾಣದ ರಾಜರಾಣಿಯರು ತುಂಬಿದ್ದ ಕನ್ನಡದ ರಂಗದ ಮೇಲೆ ಬೆಂಗಳೂರು, ಮೈಸೂರುಗಳ ಮಧ್ಯಮವರ್ಗದ ಮನೆಯ ನಡುಮನೆಯನ್ನು ತಂದು ನಿಲ್ಲಿಸಿದವರು ಇವರು. ಆ ಮನೆಯವರು ನಿತ್ಯ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ಸಂಭಾಷಣೆಯನ್ನಾಗಿ ಮಾಡಿದರು. ಕನ್ನಡಿಗರು ಇವರನ್ನು ಪ್ರಹಸನ ಪಿತಾಮಹ ಎಂದು ಕರೆದಿದ್ದಾರೆ. ಕನ್ನಡದಲ್ಲಿ ನಗೆನಾಟಕಗಳನ್ನೂ ಸಾಮಾಜಿಕ ದುರಂತಗಳನ್ನೂ ರಚಿಸಿದ ಇವರು ಪುರಾಣ ವಸ್ತುವಿನ ನಾಟಕಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದರು. ೧೯೪೫ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಮನೆತನ ಮತ್ತು ವಿದ್ಯಾಭ್ಯಾಸ

ಕೈಲಾಸಂ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದರು, ತಾಯಿ ಕಮಲಮ್ಮ. ಪರಮಶಿವ ಅಯ್ಯರ್ ಸಾಮಾನ್ಯ ಅಧಿಕಾರಿಯಾಗಿರಲಿಲ್ಲ. ಋಗ್ವೇದದ ಮಂತ್ರಗಳನ್ನು ಭೂವಿಜ್ಞಾನದ ದೃಷ್ಟಿಯಿಂದ ವಿವರಿಸುವ ಗ್ರಂಥವನ್ನೂ, ರಾಮಾಯಣದ ಲಂಕೆ ಮಧ್ಯಭಾರತದಲ್ಲಿತ್ತು ಎಂದು ವಾದಿಸುವ ಗ್ರಂಥವನ್ನೂ ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರು. ಎಲ್ಲರೂ ಒಪ್ಪಿದ ಕಥೆಯನ್ನು ಬೇರೊಂದು ಕೋನದಿಂದ ನೋಡುವ ಗುಣ ಮಗನಿಗೆ ಎಲ್ಲಿಂದ ಬಂತು ಎಂದು ಹುಡುಕುವವರು ಬಹಳ ದೂರ ಹೋಗಬೇಕಾಗಿಲ್ಲ.

ತಂದೆಯ ವರ್ಗಾವಣೆಗಳಿಂದಾಗಿ ಬಾಲಕನ ಶಿಕ್ಷಣ ಸಂಸ್ಥಾನದ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನಡೆಯಿತು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನವನ್ನು ಅಭ್ಯಾಸ ಮಾಡಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಅಲ್ಲಿ ಪರೀಕ್ಷೆಗಳಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು. ತರಗತಿಯಲ್ಲಿ ದಡ್ಡನೆನಿಸಿಕೊಂಡ ಹುಡುಗರ ಪರವಾಗಿ ಮುಂದೆ ನಾಟಕ ಬರೆದ ಕೈಲಾಸಂ ಸ್ವತಃ ದಡ್ಡರಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಲಂಡನ್ನಿನ ಆ ಕೆಲವು ವರ್ಷಗಳಲ್ಲಿ ಕಲ್ಲುಗಳಷ್ಟೇ ಅವರನ್ನು ಸೆಳೆದದ್ದು ಅಲ್ಲಿನ ನಾಟಕಶಾಲೆಗಳು. ಇಬ್ಸೆನ್ನನ ಪ್ರಭಾವ ಇಂಗ್ಲಿಷ್ ರಂಗಭೂಮಿಯ ಮೇಲೆ ಆಗಲೇ ಬಿದ್ದಿತ್ತು. ಬರ್ನಾರ್ಡ್ ಷಾ ಅವರ ನಾಟಕಗಳು ಆಡಲ್ಪಡುತ್ತಿದ್ದವು. ನಾಲ್ಕು ಗೋಡೆಯ ಒಂದು ಕೋಣೆ, ಅದರಲ್ಲಿ ಕುಳಿತು ಮಾತಾಡುವ ನಾಲ್ಕಾರು ಜನ, ಇಷ್ಟರಿಂದಲೇ ನಾಟಕ ನಡೆಯಬಲ್ಲದೆಂಬುದನ್ನು ಅವರು ಅಲ್ಲಿ ಕಂಡರು. ಸಂಗೀತ ಮತ್ತು ವಿನೋದಗಳ ಜನಪ್ರಿಯ ರಂಗಶಾಲೆಗಳ ಹಾಡುಗಳೂ ಅವರ ಕಿವಿಯಲ್ಲಿ ನಿಂತವು. ಇಂದಿಗೂ ಕನ್ನಡಿಗರು ಹಾಡುವ 'ಕೋಳೀಕೆ ರಂಗ' ಹುಟ್ಟಿದ್ದು, ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಒಂದು ಇಂಗ್ಲಿಷ್ ಹಾಡಿನ ಧಾಟಿಯಿಂದ. ಮೊದಲನೆಯ ಮಹಾಯುದ್ಧದ ಸೈನಿಕರು ಲೋಕವೆಲ್ಲ ಹರಡಿದ ಟಿಪ್ಪರೇರಿಯ ಹಾಡು ಕೈಲಾಸಂ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಇವನ್ನು ಅನುವಾದಗಳೆನ್ನಲಾಗದು. ಐರ್ಲೆಂಡಿನ ಊರು ಮೈಸೂರು ಸೀಮೆಯ ಹಳ್ಳಿಯಾಗಿ, ಅಲ್ಲಿಯ ಮನುಷ್ಯ ಇಲ್ಲಿಯ ರೈತನಾಗಿ ಬದಲಾಗಿ ಹೋಗುತ್ತಾನೆ.

೧೯೧೫ರಲ್ಲಿ ತಾಯ್ನಾಡಿಗೆ ಹಿಂದಿರುಗಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಅಧಿಕಾರಿಯಾದರು. ಸುಮಾರು ಐದು ವರ್ಷ ಕೆಲಸ ಮಾಡಿ ರಾಜೀನಾಮೆ ಕೊಟ್ಟರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ನ್ಯಾಯಾಧೀಶರ ಮಗನು ಸರ್ಕಾರಿ ಹುದ್ದೆಯನ್ನು ಬಿಟ್ಟು ನಾಟಕ ಹಿಡಿಯುವುದೆಂದರೆ ಮನೆಯವರಿಗೂ ಊರಿನವರಿಗೂ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಆಗಿನ ರಂಗಭೂಮಿ

ಕೈಲಾಸಂ ಏನು ಮಾಡಿದರು ಎಂಬುದು ತಿಳಿಯಬೇಕಾದರೆ ಅವರ ಮುಂದೆ ಏನಿತ್ತು ಎಂಬುದನ್ನು ಅರಿಯಬೇಕು. ಮೈಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಅರಮನೆಯ ಆಶ್ರಯದ ನಾಟಕ ಸಭೆಯೂ, ಬಸವಪ್ಪ ಶಾಸ್ತ್ರಿಗಳ 'ಶಾಕುಂತಲ'ದಂತಹ ಸಂಸ್ಕೃತಾನುವಾದಗಳೂ ಪ್ರಸಿದ್ಧಿಗೆ ಬಂದಿದ್ದವು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದ್ದು ಕೈಲಾಸಂ ಹುಟ್ಟಿದ ೧೮೮೪ರಲ್ಲಿಯೇ. ಎ. ವಿ. ವರದಾಚಾರ್ಯರ (೧೮೬೯–೧೯೨೬) ರತ್ನಾವಳಿ ಕಂಪನಿ ಊರೂರುಗಳಲ್ಲಿ ಜನರನ್ನು ಮರುಳುಮಾಡಿತ್ತು. ಈ ವೃತ್ತಿ ಕಂಪನಿಗಳ ನಾಟಕಗಳು ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತಿದ್ದವು. ಬಣ್ಣದ ಪರದೆಗಳು, ಹಾರ್ಮೋನಿಯಂ, ಕಂದ ವೃತ್ತಗಳು, ಗ್ರಾಂಥಿಕ ಭಾಷೆ, ಸ್ತ್ರೀವೇಷದ ಗಂಡಸರು ಇವೆಲ್ಲ ಅವುಗಳ ಅಂಗಗಳು. ಪ್ರೇಕ್ಷಕರು ಒನ್ಸ್‌ಮೋರ್ ಎಂದು ಕೂಗಿದರೆ ಸಾಯುತ್ತಿರುವ ಪಾತ್ರವೂ ಎದ್ದು ಕುಳಿತು ಪದ್ಯವನ್ನು ಮತ್ತೊಮ್ಮೆ ಹಾಡಬೇಕಾಗಿತ್ತು.

ಸಮಕಾಲೀನ ಜೀವನವನ್ನು ಕುರಿತ ನಾಟಕಗಳು ಅದುವರೆಗೆ ಇರಲೇ ಇಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು ೧೮೮೭ರಲ್ಲಿಯೇ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಪ್ರಕಟಿಸಿದ್ದರು. ಹಣಕ್ಕಾಗಿ ಎಳೆಯ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡುವ ಕನ್ಯಾವಿಕ್ರಯವನ್ನು ಅದು ಬಯಲಿಗೆಳೆಯಿತು, ಅದೂ ಹವ್ಯಕರ ಆಡುಮಾತನ್ನು ಬಳಸಿಕೊಂಡು. ಇದೇ ಕರ್ಕಿಯ ಕಡೆಯ ಭಾಗವತ ಮೇಳವೊಂದು ೧೮೪೨ರಲ್ಲಿ ಸಾಂಗ್ಲಿಯಲ್ಲಿ ಆಡಿದ ಆಟವೇ ಮರಾಠಿ ನಾಟಕದ ಆರಂಭಕ್ಕೆ ಪ್ರೇರಣೆಯಾಯಿತೆಂಬುದು ಚರಿತ್ರೆಯಲ್ಲಿ ದಾಖಲಾಗಿರುವ ವಿಷಯ. ಆದರೆ ಸೂರಿಯವರ ಪ್ರಹಸನ ಮುಂದೆ ಒಂದು ರಂಗಪರಂಪರೆಯಾಗಿ ಬೆಳೆಯಲಿಲ್ಲ. ಮೂವತ್ತು ವರ್ಷಗಳ ಅನಂತರ ಮದುವೆಯ ವ್ಯಾಪಾರ ಮತ್ತು ಮನೆಯ ಆಡುಮಾತು ಎಂಬ ಈ ಎರಡೇ ಸಂಗತಿಗಳನ್ನು ಕೈಲಾಸಂ ಬೇರೊಂದು ಸೀಮೆಯಲ್ಲಿ ಕೈಗೆತ್ತಿಕೊಂಡರು.

ಅವರಿಗೆ ವೇದಿಕೆಯಾಗಿ ಒದಗಿದ್ದು ೧೯೦೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್. ವಕೀಲರು, ಅಧಿಕಾರಿಗಳು, ಉಪಾಧ್ಯಾಯರು ಮೊದಲಾದ ವಿದ್ಯಾವಂತರು ತಮ್ಮ ಕೆಲಸ ಮುಗಿಸಿಕೊಂಡು ಸಂಜೆ ಸೇರಿ ನಾಟಕ ಆಡುತ್ತಿದ್ದ ಸಂಘ ಇದು. ಹೊಟ್ಟೆಪಾಡಿಗಾಗಿ ಆಡುವವರಲ್ಲವಾದ್ದರಿಂದ ಗಲ್ಲಾಪೆಟ್ಟಿಗೆಯ ಚಿಂತೆ ಇವರಿಗಿರಲಿಲ್ಲ. ಹೊಸತನ್ನು ಪ್ರಯೋಗಿಸಿ ಸೋಲುವ ಸ್ವಾತಂತ್ರ್ಯವಿತ್ತು. ೧೯೧೯ರ ಆರಂಭದಲ್ಲಿ ಈ ಸಂಘ ಏರ್ಪಡಿಸಿದ ಕಲೋತ್ಸವಕ್ಕೆ ರವೀಂದ್ರನಾಥ ಠಾಕೂರರು ಬೆಂಗಳೂರಿಗೆ ಬಂದಿದ್ದರು.

'ಟೊಳ್ಳುಗಟ್ಟಿ'

ಅಮೆಚೂರ್ ಸಂಘದ ನಾಟಕ ಸ್ಪರ್ಧೆಯಲ್ಲಿ ಕೈಲಾಸಂ ಅವರ 'ಟೊಳ್ಳುಗಟ್ಟಿ' (೧೯೧೮) ಬಹುಮಾನ ಪಡೆಯಿತು. 'ಮಕ್ಕಳಿಸ್ಕೂಲ್ ಮನೇಲಲ್ವೇ' ಎಂಬುದು ಅದರ ಇನ್ನೊಂದು ಹೆಸರು. ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಪುಟ್ಟು ಪರೀಕ್ಷೆಗಳಲ್ಲಿ ಮುಂದು. ತಂದೆಯ ಕಣ್ಣಿಗೆ ಅವನೇ ರತ್ನ. ಮಾಧು ಪಾಠದಲ್ಲಿ ಹಿಂದು, ಬೈಗುಳಕ್ಕೆ ಮುಂದು. ಆದರೆ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವವನು, ಮನೆಯ ಕೆಲಸಕ್ಕೆ ಹೆಗಲು ಕೊಡುವವನು ಮಾಧು. ಮನೆಗೆ ಆಪತ್ತು ಬಂದೊದಗಿದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಂದೆಗೂ ಪ್ರೇಕ್ಷಕರಿಗೂ ಒಟ್ಟಿಗೇ ಗೊತ್ತಾಗುತ್ತದೆ.

ಕಥೆ ಸರಳ, ಇಂದಿನ ಓದುಗನಿಗೆ ಅದರ ಮುಕ್ತಾಯ ಮೊದಲೇ ಊಹೆಗೆ ಸಿಕ್ಕಬಹುದು. ಅದರ ಶಕ್ತಿ ಕಥೆಯಲ್ಲಿಲ್ಲ, ಆ ಮನೆಯ ಮಾತಿನಲ್ಲಿದೆ. ತಾಯಿಯ ಗೊಣಗಾಟ, ತಂದೆಯ ಗದರಿಕೆ, ಮಕ್ಕಳು ಅರ್ಧಕ್ಕೇ ನುಂಗುವ ಉತ್ತರಗಳು ಮೊದಲಬಾರಿಗೆ ಕನ್ನಡ ರಂಗದ ಮೇಲೆ ಮನೆಯಲ್ಲಿ ಕೇಳುವ ಹಾಗೆಯೇ ಕೇಳಿಬಂದವು. ನಾಟಕದಲ್ಲಿ ಖಳನಾಯಕನೂ ಇಲ್ಲ. ಮಗನನ್ನು ಹೊಡೆಯುವ ತಂದೆ ಕೆಟ್ಟವನಲ್ಲ. ಅಂಕಪಟ್ಟಿಯನ್ನು ನಂಬಿದ ಸಾಮಾನ್ಯ ಗೃಹಸ್ಥ. ಸರ್ಕಾರಿ ನೌಕರಿಗೆ ಪರೀಕ್ಷೆಯೇ ಬಾಗಿಲಾಗಿದ್ದ ಕಾಲದಲ್ಲಿ ಅವನು ಹಾಗೆ ನಂಬಿದ್ದು ಅಸಹಜವೂ ಅಲ್ಲ. ಉಪಾಧ್ಯಾಯ ವೃತ್ತಿಯಲ್ಲಿದ್ದವರು ಈ ನಾಟಕವನ್ನು ನಿರಾಳವಾಗಿ ನಗುತ್ತ ನೋಡುವುದು ಕಷ್ಟ. ಬೆತ್ತ ತಂದೆಯ ಕೈಯಲ್ಲಿದ್ದರೂ ಅಂಕ ಕೊಟ್ಟವರು ಯಾರು ಎಂಬ ಪ್ರಶ್ನೆ ಅವರನ್ನು ಬಿಡುವುದಿಲ್ಲ.

ಇದೇ ಕಾಳಜಿ 'ಪೋಲಿಕಿಟ್ಟಿ'ಯಲ್ಲಿ ಮುಂದುವರಿಯುತ್ತದೆ. ಪೋಲಿಯೆಂದು ಹಿರಿಯರಿಂದ ಹಣೆಪಟ್ಟಿ ಹಚ್ಚಿಸಿಕೊಂಡ ಹುಡುಗನೊಳಗಿನ ಅಂತಃಕರಣವನ್ನು ಅದು ತೋರಿಸುತ್ತದೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಎರಡು ನಾಟಕಗಳು ಬಹುಕಾಲ ಆಡಲ್ಪಟ್ಟಿವೆ.

ನಗೆನಾಟಕಗಳು

'ಹೋಂರೂಲು', 'ಅಮ್ಮಾವ್ರ ಗಂಡ', 'ತಾಳಿ ಕಟ್ಟೋಕ್ಕೂಲೀನೇ', 'ಬಂಡ್ವಾಳ್ವಿಲ್ಲದ್ಬಡಾಯಿ', 'ಗಂಡಸ್ಕತ್ರಿ', 'ವೈದ್ಯನ ವ್ಯಾಧಿ', 'ನಮ್ ಕ್ಲಬ್ಬು', 'ನಮ್ ಕಂಪ್ನಿ', 'ನಮ್ ಬ್ರಾಹ್ಮಣ್ಕೆ', 'ಸೀಕರ್ಣೆ ಸಾವಿತ್ರಿ', 'ಅನುಕೂಲಕ್ಕೊಬ್ಬಣ್ಣ' ಮೊದಲಾದವು ಅವರ ನಗೆನಾಟಕಗಳು. ಹೆಸರುಗಳೇ ಅವರ ವಿಧಾನವನ್ನು ಹೇಳುತ್ತವೆ. ವ್ಯಾಕರಣದ ಪುಸ್ತಕ ಹೇಳುವಂತೆ ಬರೆಯದೆ ಬಾಯಿ ಉಚ್ಚರಿಸುವಂತೆ ಬರೆಯಲಾಗಿದೆ. ಸ್ವರಗಳು ಬಿದ್ದುಹೋಗಿ ವ್ಯಂಜನಗಳು ಒಂದಕ್ಕೊಂದು ಅಂಟಿಕೊಂಡ ಈ ಬರಹವನ್ನು ಕಣ್ಣಿನಿಂದ ಓದಿದರೆ ತೊಡಕು. ಗಟ್ಟಿಯಾಗಿ ಓದಿದರೆ ತೊಡಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುಮಟಾ, ಹೊನ್ನಾವರ, ಭಟ್ಕಳಗಳ ಕಡೆಯ ವಿದ್ಯಾರ್ಥಿಗಳಿಗೆ ಹಳೆಯ ಮೈಸೂರಿನ ಈ ಬ್ರಾಹ್ಮಣ ಮನೆಗಳ ಮಾತು ಮೊದಮೊದಲು ಪರಸ್ಥಳದ ಮಾತಿನಂತೆ ಕೇಳುತ್ತದೆ. ಇಬ್ಬರು ಎದುರುಬದುರು ನಿಂತು ಎರಡು ಪುಟ ಓದಿದರೆ ಸಾಕು, ನಗು ಬರಲು ನಿಘಂಟು ಬೇಕಾಗುವುದಿಲ್ಲ.

'ಹೋಂರೂಲು' ಎಂಬುದು ಆಗ ದೇಶದಲ್ಲಿ ಕೇಳಿಬರುತ್ತಿದ್ದ ರಾಜಕೀಯ ಘೋಷಣೆ. ಕೈಲಾಸಂ ಆ ಮಾತನ್ನು ಅಕ್ಷರಶಃ ಮನೆಯೊಳಕ್ಕೆ ತಂದು, ಮನೆಯ ಆಳ್ವಿಕೆ ಯಾರದು ಎಂಬ ಪ್ರಶ್ನೆಯನ್ನಾಗಿ ಮಾಡಿದರು. 'ಬಂಡ್ವಾಳ್ವಿಲ್ಲದ್ಬಡಾಯಿ'ಯ ಅಹೋಬ್ಲು ಮಾತಿನ ಮಲ್ಲ, ಒಳಗೆ ಬಂಡವಾಳವಿಲ್ಲ. 'ತಾಳಿ ಕಟ್ಟೋಕ್ಕೂಲೀನೇ' ವರದಕ್ಷಿಣೆಯನ್ನು ಕುರಿತದ್ದು. ತಾಳಿ ಕಟ್ಟುವುದಕ್ಕೂ ಕೂಲಿಯೇ ಎಂದು ಶೀರ್ಷಿಕೆಯಲ್ಲಿಯೇ ಕೇಳಿ ಮುಗಿಸಿದ್ದಾರೆ. 'ನಮ್ ಕಂಪ್ನಿ' ವೃತ್ತಿ ನಾಟಕ ಕಂಪನಿಗಳ ಆಡಂಬರವನ್ನು ಗೇಲಿ ಮಾಡುತ್ತದೆ. ಬಲ್ಲವನು ಮಾತ್ರ ಮಾಡಬಹುದಾದ ಗೇಲಿ ಅದು. ಕಂಪನಿ ನಾಟಕದ ಪ್ರತಿಯೊಂದು ಪಟ್ಟನ್ನೂ ಚೆನ್ನಾಗಿ ನೋಡಿ ನೆನಪಿಟ್ಟುಕೊಂಡವರ ಕೆಲಸ.

ಇಂಗ್ಲಿಷನ್ನು ಕನ್ನಡದೊಂದಿಗೆ ಬೆರೆಸಿದ್ದಕ್ಕಾಗಿ ಕೈಲಾಸಂ ಅವರನ್ನು ಟೀಕಿಸಿದವರು ಹಲವರು. ಭಾಷೆಯನ್ನು ಕೆಡಿಸಿದರೆಂಬ ಆಕ್ಷೇಪ ಅಂದೂ ಇತ್ತು, ಇಂದೂ ಕೇಳಿಬರುತ್ತದೆ. ಆದರೆ ಆ ಬೆರಕೆಯನ್ನು ಕೈಲಾಸಂ ಹುಟ್ಟಿಸಲಿಲ್ಲ. ಕಛೇರಿ, ಕಾಲೇಜು, ಕ್ಲಬ್ಬುಗಳಿಂದ ಅದು ಮನೆಗಳೊಳಕ್ಕೆ ಆಗಲೇ ನುಗ್ಗಿತ್ತು. ಅವರ ನಾಟಕಗಳಲ್ಲಿ ಎಲ್ಲ ಪಾತ್ರಗಳೂ ಒಂದೇ ಪ್ರಮಾಣದಲ್ಲಿ ಇಂಗ್ಲಿಷ್ ಆಡುವುದಿಲ್ಲ ಎಂಬುದನ್ನು ಟೀಕಾಕಾರರು ಹೆಚ್ಚಾಗಿ ಗಮನಿಸಿಲ್ಲ. ಬಡಾಯಿಯ ವಿದ್ಯಾವಂತ ಹೆಚ್ಚು ಬೆರೆಸುತ್ತಾನೆ. ಮನೆಯ ಹಿರಿಯ ಹೆಂಗಸು ಬೆರೆಸುವುದಿಲ್ಲ. ಯಾರು ಎಷ್ಟು ಬೆರೆಸುತ್ತಾರೆ ಎಂಬುದರಿಂದಲೇ ಅವರ ಯೋಗ್ಯತೆ ಅಳೆಯಬಹುದು.

ಇನ್ನೊಂದು ಆಕ್ಷೇಪ ಇಷ್ಟು ಸುಲಭವಾಗಿ ಕಳೆಯುವಂಥದಲ್ಲ. ಓದಿದ ಹೆಣ್ಣುಮಕ್ಕಳನ್ನು, ಗಂಡನನ್ನು ಅಡುಗೆಮನೆಗೆ ಕಳುಹಿಸುವ ಹೆಂಡತಿಯರನ್ನು ಅವರು ನಗೆಗೀಡು ಮಾಡಿದ ರೀತಿ ಇಂದಿನ ಓದುಗರಿಗೆ ಸರಿಬೀಳುವುದಿಲ್ಲ. ಸ್ತ್ರೀಶಿಕ್ಷಣ ಆಗತಾನೇ ಬೇರೂರುತ್ತಿದ್ದ ಕಾಲದಲ್ಲಿ ಆ ನಗೆ ಯಾರ ಪಕ್ಷಕ್ಕೆ ಬಲ ಕೊಟ್ಟಿತೆಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅದೇ ಲೇಖಕರು ಹೆಣ್ಣಿನ ಸಂಕಟವನ್ನು ಕುರಿತು ಬರೆದ ಎರಡು ನಾಟಕಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ದುರಂತ ನಾಟಕಗಳು

'ಬಹಿಷ್ಕಾರ' ನಗೆಗಾರ ಕೈಲಾಸಂ ಅವರನ್ನು ಮಾತ್ರ ಬಲ್ಲವರಿಗೆ ಆಘಾತ ಕೊಡುವ ನಾಟಕ. ಮಗಳು ಮೈನೆರೆಯುವುದರೊಳಗೆ ಮದುವೆ ಮಾಡದ ಬ್ರಾಹ್ಮಣ ಕುಟುಂಬಕ್ಕೆ ಆ ಕಾಲದಲ್ಲಿ ಜಾತಿಯಿಂದ ಹೊರಹಾಕುವ ಭಯವಿತ್ತು. ವರನಿಗೆ ಕೊಡಲು ಹಣವಿಲ್ಲ, ಹಣವಿಲ್ಲದೆ ವರ ಸಿಕ್ಕುವುದಿಲ್ಲ, ದಿನಗಳು ನಿಲ್ಲುವುದಿಲ್ಲ. ಈ ಇಕ್ಕಟ್ಟು ಒಂದು ಸಂಸಾರವನ್ನು ಹೇಗೆ ಹಿಂಡಿ ಮುಗಿಸುತ್ತದೆ ಎಂಬುದೇ ವಸ್ತು. 'ತಾಳಿ ಕಟ್ಟೋಕ್ಕೂಲೀನೇ'ಯಲ್ಲಿ ನಗೆಯಾಗಿದ್ದದ್ದು ಇಲ್ಲಿ ಸಾವಿನವರೆಗೆ ಹೋಗುತ್ತದೆ. 'ಸೂಳೆ' ನಾಟಕದಲ್ಲಿ ಸಭ್ಯ ಸಮಾಜ ಹೆಸರೆತ್ತಲೂ ಹಿಂಜರಿಯುತ್ತಿದ್ದ ಹೆಂಗಸರ ಬಾಳನ್ನು ಸಹಾನುಭೂತಿಯಿಂದ ರಂಗಕ್ಕೆ ತಂದರು. ಶೀರ್ಷಿಕೆಯನ್ನು ಮೃದುಗೊಳಿಸಲಿಲ್ಲ, ಮೃದುಗೊಳಿಸಿದ್ದರೆ ಪ್ರೇಕ್ಷಕರು ಮುಜುಗರಪಡದೆ ಕೂರುತ್ತಿದ್ದರು.

ನಟನಾಗಿ, ನಿರೂಪಕನಾಗಿ

ಕೈಲಾಸಂ ತಮ್ಮ ನಾಟಕಗಳಲ್ಲಿ ಸ್ವತಃ ಪಾತ್ರ ವಹಿಸುತ್ತಿದ್ದರು, ಗೆಳೆಯರಿಗೆ ಕಲಿಸುತ್ತಿದ್ದರು. ಆದರೆ ಜನ ಹೆಚ್ಚಾಗಿ ನೆನೆದದ್ದು ಅವರ ಏಕವ್ಯಕ್ತಿ ವಾಚನಗಳನ್ನು. ವೇಷವಿಲ್ಲ, ಪರದೆಯಿಲ್ಲ, ಕೈಯಲ್ಲಿ ಹಸ್ತಪ್ರತಿಯೂ ಇಲ್ಲ. ಕಾಲೇಜು ಸಭಾಂಗಣವಾಗಲಿ ಗೆಳೆಯರ ಮನೆಯ ಜಗಲಿಯಾಗಲಿ, ಒಬ್ಬರೇ ನಿಂತು ಇಡೀ ನಾಟಕವನ್ನು ಆಡಿ ತೋರಿಸುತ್ತಿದ್ದರು. ಮುದುಕಿಯ ದನಿ, ಹುಡುಗನ ದನಿ, ಬಡಾಯಿಗಾರನ ದನಿ ಎಲ್ಲವೂ ಒಂದೇ ಗಂಟಲಿನಿಂದ ಹೊರಡುತ್ತಿದ್ದವು. ಪಾತ್ರದಿಂದ ಪಾತ್ರಕ್ಕೆ ಹಾರುವಾಗ ಪ್ರೇಕ್ಷಕರಿಗೆ ಗೊಂದಲವಾಗುತ್ತಿರಲಿಲ್ಲ.

ಈ ಪ್ರತಿಭೆಯೇ ಅವರ ಕೃತಿಗಳಿಗೆ ಅಪಾಯವೂ ಆಯಿತು. ನಾಟಕ ಅವರಿಗೆ ಬಾಯಲ್ಲಿ ಹುಟ್ಟಿ ಬಾಯಲ್ಲೇ ಬೆಳೆಯುವ ವಸ್ತು. ಕುಳಿತು ಬರೆಯುವ ತಾಳ್ಮೆ ಅವರಿಗೆ ಒಗ್ಗಲಿಲ್ಲ. ಸಿಗರೇಟು ಸೇದುತ್ತ ಅವರು ಹೇಳುತ್ತ ಹೋದರೆ ಗೆಳೆಯರು, ಶಿಷ್ಯರು ಬರೆದುಕೊಳ್ಳುತ್ತಿದ್ದರು; ಮತ್ತೆ ಹೇಳುವಾಗ ಹೊಸ ಮಾತು ಸೇರಿ ಹಳೆಯದು ಬಿಟ್ಟುಹೋಗುತ್ತಿತ್ತು. ಹೀಗಾಗಿ ಅಚ್ಚಾದ ಪಠ್ಯಗಳು ಬಹುಮಟ್ಟಿಗೆ ಒಂದು ಸಂಜೆಯ ಹೇಳಿಕೆಯ ದಾಖಲೆಗಳು. ಕೇಳಿದವರ ನೆನಪಿನೊಂದಿಗೆ ಕಳೆದುಹೋದದ್ದೂ ಇದೆ. ನೌಕರಿ ಬಿಟ್ಟ ಮೇಲೆ ಕ್ರಮಬದ್ಧವಾದ ಆದಾಯವಾಗಲಿ ಜೀವನಕ್ರಮವಾಗಲಿ ಅವರಿಗಿರಲಿಲ್ಲ. ಕುಡಿತದ ಅಭ್ಯಾಸವೂ ಇತ್ತು. ಅವರನ್ನು ಮೆಚ್ಚಿದವರು ಈ ವಿಷಯವನ್ನು ಮುಚ್ಚಿಡಲು, ಮೆಚ್ಚದವರು ಇದನ್ನೇ ಮುಂದಿಡಲು ನೋಡಿದ್ದಾರೆ. ಗೆಳೆಯರ ಲೇಖನಿಗಳಿಲ್ಲದಿದ್ದರೆ ಇಂದು ನಮಗೆ ಕೈಲಾಸಂ ಸಾಹಿತ್ಯದಲ್ಲಿ ಉಳಿಯುತ್ತಿದ್ದದ್ದು ಬಹಳ ಸ್ವಲ್ಪ ಎಂಬುದು ಮಾತ್ರ ನಿಜ. ವ್ಯಾಯಾಮಪಟುವೂ ಕಾದಂಬರಿಕಾರರೂ ಆಗಿದ್ದ ಕೆ. ವಿ. ಅಯ್ಯರ್ ಅವರ ಆಪ್ತರಲ್ಲೊಬ್ಬರು.

ಇಂಗ್ಲಿಷ್ ನಾಟಕಗಳು

ಮನೆಯ ಕಥೆಗೆ ಕನ್ನಡ, ಪುರಾಣದ ಕಥೆಗೆ ಇಂಗ್ಲಿಷ್ ಎಂಬ ಕೈಲಾಸಂ ಅವರ ವಿಭಾಗ ವಿಚಿತ್ರವೆನಿಸಬಹುದು. ದಿನಬಳಕೆಯ ಮಾತಿನಿಂದ ದೂರವಿರುವ ಘನವಾದ ಭಾಷೆ ಪುರಾಣಪುರುಷರಿಗೆ ಬೇಕಾಗಿತ್ತು. ಕಂಪನಿ ನಾಟಕಗಳ ಗ್ರಾಂಥಿಕ ಕನ್ನಡವನ್ನು ತಾವೇ ಗೇಲಿ ಮಾಡಿದವರು ಅದಕ್ಕೇ ಮರಳುವಂತಿರಲಿಲ್ಲ. ಅವರು ಹಳೆಯ ಕಾಲದ ಇಂಗ್ಲಿಷನ್ನು ಆರಿಸಿಕೊಂಡರು. ೧೯೩೩ರಲ್ಲಿ 'ದಿ ಬರ್ಡನ್', 'ಫುಲ್‌ಫಿಲ್‌ಮೆಂಟ್' ಮತ್ತು ಕೆಲವು ಕವಿತೆಗಳು ಪ್ರಕಟವಾದವು. 'ದಿ ಪರ್ಪಸ್' ೧೯೪೪ರಲ್ಲಿಯೂ, ಕರ್ಣನನ್ನು ಕುರಿತ ನಾಟಕ ೧೯೪೬ರಲ್ಲಿಯೂ ಬಂದವು.

ಇವುಗಳಲ್ಲಿ ಏಕಲವ್ಯನ ಕಥೆಗೆ ಸಂಬಂಧಿಸಿದ ಎರಡು ನಾಟಕಗಳು ಎಲ್ಲಕ್ಕಿಂತ ಮುಖ್ಯವಾದವು. 'ದಿ ಪರ್ಪಸ್'ನಲ್ಲಿ ಅರ್ಜುನನೂ ಏಕಲವ್ಯನೂ ದ್ರೋಣರಲ್ಲಿ ಬಿಲ್ಲುವಿದ್ಯೆ ಬೇಡುತ್ತಾರೆ. ಲೋಕದಲ್ಲಿ ತನಗೆ ಸಮಾನನಾದ ಬಿಲ್ಲುಗಾರ ಇರಬಾರದೆಂಬುದು ಅರ್ಜುನನ ಗುರಿ. ತೋಳಗಳ ಬಾಯಿಗೆ ಬೀಳುವ ಕಾಡಿನ ಜಿಂಕೆಮರಿಗಳನ್ನು ಕಾಪಾಡುವುದು ಏಕಲವ್ಯನ ಗುರಿ. ವಿದ್ಯೆ ಒಂದೇ, ಉದ್ದೇಶ ಬೇರೆ. ಹೆಬ್ಬೆರಳು ಹೋಗುವುದು ಮಾತ್ರ ಏಕಲವ್ಯನದು. 'ಟೊಳ್ಳುಗಟ್ಟಿ'ಯ ಪುಟ್ಟು ಮಾಧು ಇಲ್ಲಿ ಅರ್ಜುನ ಏಕಲವ್ಯರಾಗಿ ಮತ್ತೆ ಎದುರಾಗಿದ್ದಾರೆ ಎಂದು ಈ ಲೇಖನದ ಓದುಗರಿಗೂ ಅನ್ನಿಸಬಹುದು. 'ಫುಲ್‌ಫಿಲ್‌ಮೆಂಟ್'ನಲ್ಲಿ ಯುದ್ಧದ ಮುನ್ನ ಏಕಲವ್ಯ ಕೌರವರ ಪಕ್ಷ ಸೇರುವುದನ್ನು ತಡೆಯಲು ಕೃಷ್ಣ ಅವನನ್ನು ಕೊಲ್ಲುತ್ತಾನೆ. ದೇವರೆಂದು ಪೂಜೆಗೊಳ್ಳುವ ಪಾತ್ರದ ಕೈಯಿಂದ ನಿರಪರಾಧಿಯೊಬ್ಬ ಸಾಯುವುದನ್ನು ನೇರವಾಗಿ ರಂಗದ ಮೇಲಿಟ್ಟ ಧೈರ್ಯ ಗಮನಾರ್ಹ. 'ದಿ ಬರ್ಡನ್' ಸೋದರಮಾವನ ಮನೆಯಿಂದ ಹಿಂದಿರುಗಿದ ಭರತನಿಗೆ ಸಂಬಂಧಿಸಿದ ಕಿರುನಾಟಕ.

ಸಮ್ಮೇಳನಾಧ್ಯಕ್ಷತೆ ಮತ್ತು ಕೊನೆಯ ದಿನಗಳು

೧೯೪೫ರ ಮದ್ರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದದ್ದು ಹಲವು ದೃಷ್ಟಿಗಳಿಂದ ವಿಶೇಷ. ತಾವು ಕಾಲೇಜು ಓದಿದ ಊರಿನಲ್ಲಿ, ತಮಿಳು ಮನೆಮಾತಿನ, ಕನ್ನಡಕ್ಕೆ ಇಂಗ್ಲಿಷ್ ಬೆರೆಸಿದ ಅಪವಾದ ಹೊತ್ತ, ಕಾವ್ಯವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಕನ್ನಡದಲ್ಲಿ ಬರೆಯದ ಪ್ರಹಸನಕಾರರೊಬ್ಬರಿಗೆ ಕನ್ನಡಿಗರು ಆ ಪೀಠವನ್ನು ಕೊಟ್ಟರು.

ಮರುವರ್ಷ, ೧೯೪೬ರ ನವೆಂಬರ್ ೨೩ರಂದು, ಬೆಂಗಳೂರಿನಲ್ಲಿ ಅವರು ನಿಧನರಾದರು. ಅವರಿಗೆ ಅರವತ್ತೆರಡು ವರ್ಷವಾಗಿತ್ತು. ಅವರ 'ಕೀಚಕ' ನಾಟಕ ಮರಣಾನಂತರ, ೧೯೪೯ರಲ್ಲಿ ಅಚ್ಚಾಯಿತು. ಸೈರಂಧ್ರಿಯನ್ನು ಬಯಸಿ ಭೀಮನ ಕೈಯಲ್ಲಿ ಹತನಾದ ಕೀಚಕನನ್ನು ಬರಿಯ ದುಷ್ಟನೆಂದು ಕಾಣದೆ ಮನುಷ್ಯನನ್ನಾಗಿ ನೋಡಿದ ಕೃತಿ ಅದು. ಅವರ ನಗೆಯ ಜಾಡಿನಲ್ಲಿ ಪರ್ವತವಾಣಿ ಮೊದಲಾದ ಮುಂದಿನ ತಲೆಮಾರಿನ ನಾಟಕಕಾರರು ನಡೆದರು. ಹವ್ಯಾಸಿ ತಂಡಗಳೂ ಶಾಲಾ ಕಾಲೇಜುಗಳೂ ಕೈಲಾಸಂ ಅವರ ನಾಟಕಗಳನ್ನು ಇಂದಿಗೂ ಆಡುತ್ತಿವೆ.